ಶೀಟ್ (ಹಾಯಿಯ ಹಗ್ಗ) ಎಳೆದಷ್ಟೂ ದೋಣಿ ನಿಧಾನ ಆಗ್ತಿದೆ, ಯಾಕೆ? (ಒಬ್ಬರೇ ಓಡಿಸೋ ಡಿಂಗಿ, ಅಂದರೆ ಸಣ್ಣ ಹಾಯಿದೋಣಿಯ ಸಿಮ್ಯುಲೇಟರ್: ಟ್ರಿಮ್ ಅಂದರೆ ಹಾಯಿ ಹೊಂದಿಸೋದು, ಸ್ಟಾರ್ಟ್, ರೂಲ್ಸ್)

ಧಾರವಾಡ_ಪೇಢೆ
ಎಲ್ಲಾರಿಗೂ ನಮಸ್ಕಾರ್ರಿ. ಲ್ಯಾಪ್‌ಟಾಪ್‌ನ್ಯಾಗ ಡಿಂಗಿ ಸಿಮ್ಯುಲೇಟರ್ ಆಡಾಕತ್ತೀನಿ. ದೋಣಿ ಐಎಲ್‌ಸಿಎ 7, ಗಾಳಿ 10 ನಾಟ್. ಕೋರ್ಸ್ ಸಾದಾ ಐತಿ: ಗಾಳಿ ಬರೂ ಕಡೆ ಮ್ಯಾಲಿನ ಮಾರ್ಕ್ (ತೇಲೂ ಗುರುತು), ಗಾಳಿ ಹೋಗೂ ಕಡೆ ಕೆಳಗಿನ ಮಾರ್ಕ್, ಎರಡು ಸುತ್ತು. ಶೀಟ್ ಪೂರ್ತಿ ಎಳದಿರ್ತೀನಿ, ವ್ಯಾಂಗ್ (ಬೂಮ್, ಅಂದ್ರ ಹಾಯಿ ಕೆಳಗಿನ ಅಡ್ಡ ಕೋಲನ್ನ ಕೆಳಕ್ಕ ಎಳಿಯೂ ಹಗ್ಗ) ಬಿಗಿ, ಮೂತಿ ಗಾಳಿಗೆ ಎಷ್ಟು ಹತ್ರ ಇಡಾಕ ಆಗತೈತೋ ಅಷ್ಟು ಹತ್ರ. ಉಳದವ್ರಕಿಂತ ನನ್ನ ದೋಣೀನೇ ಮಾರ್ಕ್ ಕಡೆ ಜಾಸ್ತಿ ನೆಟ್ಟಗ ಮುಖ ಮಾಡಿರತೈತಿ. ಆದ್ರೂ ಎಲ್ಲಾರೂ ನನ್ನ ದಾಟಿ ಹೋಗ್ತಾರ. ಸ್ಪೀಡ್ 3.5 ನಾಟ್ ಮ್ಯಾಲ ಏರೂದಿಲ್ಲ. ಯಾಕ ಹಿಂಗ?

ಲೇಲೈನ್_ಪ್ರೇಮಿ
ಪಿಂಚ್ ಮಾಡ್ತಿದೀರ ಗುರು, ಮೂತಿ ಗಾಳಿಗೆ ಅತಿ ಹತ್ರ ಇಟ್ಟಿದೀರ. ಏಳು ಡಿಗ್ರಿ ಕೆಳಗೆ, ಅಂದ್ರೆ ಗಾಳಿಯಿಂದ ದೂರಕ್ಕೆ ಬನ್ನಿ, ಸರಿಹೋಗುತ್ತೆ.

ಹಲಸೂರು_ಕೆರೆ
ಉತ್ತರ ಸರಿ ಇದೆ. ಆದರೆ ಏಳು ಡಿಗ್ರಿ ಯಾಕೆ ಅಂತ ಗೊತ್ತಾಗದೆ ಇದ್ದರೆ ಗಾಳಿ 15 ಆದ ತಕ್ಷಣ ಇವರು ಮತ್ತೆ ಇಲ್ಲೇ ಬಂದು ಕೇಳ್ತಾರೆ. ಲೆಕ್ಕ ಹಾಕೋಣ.

ಮಾರ್ಕ್ ಗಾಳಿ ಬರೋ ದಿಕ್ಕಲ್ಲೇ ಇದೆ. ಅಂದರೆ ದೋಣಿಯ ವೇಗಕ್ಕಿಂತ ಮುಖ್ಯ, ಆ ವೇಗದಲ್ಲಿ ಎಷ್ಟು ಭಾಗ ಗಾಳಿಯ ಕಡೆ ಏರ್ತಿದೆ ಅನ್ನೋದು. ಅದೇ ವಿಎಂಜಿ. ನಿಮ್ಮ ಪರದೆಯ ಮೂಲೆಯಲ್ಲಿ ಆ ಅಂಕಿ ಇರಬೇಕು, ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ. ನೀವು ಗಾಳಿಗೆ 38 ಡಿಗ್ರಿಯಲ್ಲಿ 3.5 ನಾಟ್ ಹೋಗ್ತಿದೀರ ಅಂತಿಟ್ಟುಕೊಳ್ಳಿ. ಗಾಳಿಯ ಕಡೆ ಏರೋದು 2.76. ಪಕ್ಕದವರು 45 ಡಿಗ್ರಿಗೆ ಇಳಿದು 4.5 ನಾಟ್ ಹೋಗ್ತಾರೆ, ಅವರಿಗೆ 3.18. ಅರ್ಧ ಕಿಲೋಮೀಟರ್ ಏರುವಷ್ಟರಲ್ಲಿ ನೀವು ಮುಕ್ಕಾಲು ನಿಮಿಷ ಹಿಂದೆ. ಮೂತಿ ಮಾರ್ಕ್ ಕಡೆ ಇತ್ತು ಅನ್ನೋದಕ್ಕೆ ಯಾರೂ ಪಾಯಿಂಟ್ ಕೊಡಲ್ಲ.

ಹಾಗಂತ ಇನ್ನೂ ಕೆಳಗೆ, 52ಕ್ಕೆ ಇಳಿದರೆ? ಸ್ಪೀಡ್ 4.9 ಬರಬಹುದು, ನೋಡೋಕೆ ಖುಷಿ. ವಿಎಂಜಿ ಮಾತ್ರ 3.02. ಮತ್ತೆ ಲುಕ್ಸಾನು. ಹಾಗಾಗಿ ಸ್ಪೀಡ್ ಅಂಕಿಯನ್ನ ಒಂದನ್ನೇ ನೋಡ್ಕೊಂಡು ಓಡಿಸೋದೂ ತಪ್ಪೇ.

ಈಗ ಶೀಟ್ ವಿಷಯ. ಹಾಯಿಯ ಮುಂಭಾಗದಲ್ಲಿ ಎರಡೂ ಬದಿಗೆ ಉಣ್ಣೆ ಎಳೆ ಅಂಟಿಸಿರ್ತಾರಲ್ಲ, ಟೆಲ್‌ಟೇಲ್, ಕ್ಯಾಮೆರಾ ಝೂಮ್ ಮಾಡಿ ಅದನ್ನೇ ನೋಡಿ. ಎರಡೂ ಹಿಂದಕ್ಕೆ ನೆಟ್ಟಗೆ ಹರೀತಿದ್ರೆ ಸರಿ. ಗಾಳಿ ಬರೋ ಬದಿಯದ್ದು ಮೇಲಕ್ಕೆ ಕುಣೀತಿದ್ರೆ ನೀವು ತುಂಬ ಮೇಲೆ ಹೋಗಿದೀರ, ಇಲ್ಲವೇ ಶೀಟ್ ಸಡಿಲ ಇದೆ. ಆಚೆ ಬದಿಯದ್ದು ಸತ್ತು ಜೋಲು ಬಿದ್ದು, ಆಗಾಗ ಮುಂದಕ್ಕೆ ಮಡಚಿಕೊಳ್ತಿದ್ರೆ ಶೀಟ್ ಅತಿಯಾಗಿದೆ. ಹಾಯಿಯ ಹಿಂಬದಿಗೆ ಗಾಳಿ ಅಂಟಿಕೊಂಡು ಹರೀತಿಲ್ಲ, ಕಿತ್ತುಹೋಗಿದೆ. ಆಗ ಹಾಯಿ ದೋಣಿಯನ್ನ ಮುಂದಕ್ಕೆ ಎಳೆಯೋದು ಬಿಟ್ಟು ಪಕ್ಕಕ್ಕೆ ತಳ್ಳುತ್ತೆ. ದೋಣಿ ವಾಲುತ್ತೆ, ಅಡ್ಡ ಜಾರುತ್ತೆ, ಓಡಲ್ಲ. ಹೊಸಬರಲ್ಲಿ ಹೆಚ್ಚಿನವರ ಕಾಯಿಲೆ ಇದೇ, ಯಾಕಂದರೆ ಸಡಿಲ ಹಾಯಿ ಪಟಪಟ ಅಂತ ಸದ್ದು ಮಾಡಿ ಹೇಳುತ್ತೆ, ಬಿಗಿ ಹಾಯಿ ಸುಮ್ಮನಿರುತ್ತೆ.

ಅನುಮಾನ ಬಂದಾಗ ಶೀಟ್ ಬಿಡಿ. ಹಾಯಿಯ ಮುಂಭಾಗ ನಡುಗೋವರೆಗೆ ಬಿಟ್ಟು, ನಡುಕ ನಿಲ್ಲೋವರೆಗೆ ಮಾತ್ರ ಎಳೀರಿ.

ಧಾರವಾಡ_ಪೇಢೆ
ಅಕ್ಕಾರ, ಝೂಮ್ ಮಾಡಿ ನೋಡಿದೆ. ಆಚಿ ಬದಿ ಎಳಿ ಪೂರ್ತಿ ಜೋಲು ಬಿದ್ದೈತಿ. ಆದ್ರ ಒಂದು ಡೌಟ್. ಗಾಳಿ ಬಾಣ ಎರಡು ತೋರಸ್ತದ, ಒಂದು ನೀಲಿ, ಒಂದು ಕೆಂಪು. ಯಾವದನ್ನ ನಂಬೂದು?

ಪಡುಗಾಳಿ
ಎರಡೂ ನಿಜವೇ ಮಾರಾಯ್ರೆ. ಒಂದು ನೀರಿನ ಮೇಲೆ ಬೀಸುವ ಗಾಳಿ, ಇನ್ನೊಂದು ಓಡುವ ದೋಣಿಗೆ ಸಿಗುವ ಗಾಳಿ. ಹಲಸೂರು_ಕೆರೆ ಅವರ ಲೆಕ್ಕದಲ್ಲೇ ಹೇಳುವುದಾದರೆ 10 ನಾಟ್ ಗಾಳಿ, 45 ಡಿಗ್ರಿ, ದೋಣಿ 4.5 ನಾಟ್. ಹಾಯಿಗೆ ತಾಗುವುದು 13.5 ನಾಟ್, ಅದೂ 31 ಡಿಗ್ರಿಯಿಂದ. ಅಂದರೆ ಗಾಳಿ ಜೋರಾಯಿತು, ಮುಂದಕ್ಕೂ ಬಂತು. ಹಾಯಿ ಟ್ರಿಮ್ ಮಾಡುವುದು ಯಾವಾಗಲೂ ಈ ಎರಡನೆಯದಕ್ಕೆ. ಯಾವ ಕಡೆ ಹೋಗಬೇಕು, ಯಾವಾಗ ಟ್ಯಾಕ್ ಮಾಡಬೇಕು (ಮೂತಿಯನ್ನು ಗಾಳಿಯ ದಿಕ್ಕು ದಾಟಿಸಿ ಇನ್ನೊಂದು ಬದಿಗೆ ತಿರುಗಿಸುವುದು) ಅಂತ ತೀರ್ಮಾನ ಮಾಡುವುದು ಮೊದಲನೆಯದನ್ನು ನೋಡಿ. ಬಣ್ಣ ಯಾವುದು ಅಂತ ಆಟದ ಸಹಾಯ ಪುಟದಲ್ಲಿ ಉಂಟು.

ಮತ್ತೆ ನಿಮ್ಮ ವ್ಯಾಂಗ್. ಅದನ್ನು ಯಾಕೆ ಅಷ್ಟು ಬಿಗಿ ಮಾಡಿದ್ದು? 10 ನಾಟ್‌ಗೆ ಅದು ಬೇಡ. ಶೀಟ್ ಪೂರ್ತಿ ಎಳೆದಾಗ ಬೂಮ್ ತಾನೇ ಕೆಳಗೆ ಬರ್ತದೆ. ಆಗ ವ್ಯಾಂಗ್‌ನಲ್ಲಿ ಉಳಿದ ಜೋಲು ಮಾತ್ರ ತೆಗೆದು ನಿಲ್ಲಿಸಿ. ಅದಕ್ಕಿಂತ ಬಿಗಿ ಮಾಡಿದರೆ ಹಾಯಿಯ ಹಿಂದಿನ ಅಂಚು ಮೇಲಿನಿಂದ ಕೆಳಗಿನವರೆಗೆ ಮುಚ್ಚಿಕೊಳ್ತದೆ, ಗಾಳಿ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಆಚೆ ಬದಿಯ ಎಳೆ ಸಾಯುವುದಕ್ಕೆ ಅದೂ ಒಂದು ಕಾರಣ.

ಗಾಳಿ 18 ದಾಟಿದರೆ ಕತೆ ಬೇರೆ. ಆಗ ವ್ಯಾಂಗ್ ಜೋರಾಗಿ ಎಳೆದರೆ ಮಾಸ್ಟ್ ಬಾಗಿ ಹಾಯಿ ಚಪ್ಪಟೆ ಆಗ್ತದೆ. ಶೀಟ್ ಸ್ವಲ್ಪ ಬಿಟ್ಟರೂ ಬೂಮ್ ಮೇಲೆ ಏಳದೆ ಪಕ್ಕಕ್ಕೆ ಮಾತ್ರ ಹೋಗ್ತದೆ. ಕನಿಂಗ್‌ಹ್ಯಾಮ್ (ಹಾಯಿಯ ಮುಂದಿನ ಅಂಚನ್ನು ಕೆಳಗೆ ಎಳೆಯುವ ಹಗ್ಗ) ಕೂಡ ಆಗಲೇ. ಅದು ಹಾಯಿಯ ಹೊಟ್ಟೆಯನ್ನು ಮುಂದಕ್ಕೆ ತಂದು ಮೇಲ್ತುದಿಯನ್ನು ತೆರೀತದೆ, ದೋಣಿ ವಾಲುವುದು ಕಡಿಮೆ ಆಗ್ತದೆ. ಔಟ್‌ಹಾಲ್ (ಹಾಯಿಯ ಕೆಳ ಅಂಚನ್ನು ಬೂಮ್‌ನ ತುದಿಗೆ ಎಳೆಯುವ ಹಗ್ಗ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬೂಮ್‌ಗೂ ಹಾಯಿಯ ಕೆಳ ಅಂಚಿನ ನಡುಭಾಗಕ್ಕೂ ಒಂದು ಗೇಣು ಅಂತರ ಇಟ್ಟರೆ ಮಧ್ಯಮ ಗಾಳಿಗೆ ಸಾಕು.

ಲೇಲೈನ್_ಪ್ರೇಮಿ
ನನ್ನ ಅಭಿಪ್ರಾಯ ಬೇರೆ. ಹೊಸಬರು ಆಟೋ ಟ್ರಿಮ್ ಆನ್ ಮಾಡಿ ಮೊದಲು ರೇಸಿಂಗ್ ಕಲೀಲಿ. ಆರು ಸ್ಲೈಡರ್ ಕೈಗೆ ಕೊಟ್ರೆ ಕಣ್ಣು ಸ್ಲೈಡರ್ ಮೇಲೇ ಇರುತ್ತೆ, ಎದುರಿಗೆ ಬರ್ತಿರೋ ದೋಣಿ ಕಾಣಲ್ಲ. ವರ್ಚುಯಲ್ ರೆಗಾಟಾ ಇನ್‌ಶೋರ್ ಅನ್ನೋ ಆಟ ನೋಡಿ, ಅದರಲ್ಲಿ ಹಾಯಿ ತಾನೇ ಹೊಂದ್ಕೊಳ್ಳುತ್ತೆ, ಆಟಗಾರನ ಕೈಲಿರೋದು ದಿಕ್ಕು ಮತ್ತೆ ತಂತ್ರ. ಈ ಕ್ರೀಡೆಯ ಜಾಗತಿಕ ಸಂಸ್ಥೆ ವರ್ಲ್ಡ್ ಸೇಲಿಂಗ್ 2018ರಿಂದ ಇ-ಸೇಲಿಂಗ್ ವಿಶ್ವ ಚಾಂಪಿಯನ್‌ಶಿಪ್ ಶುರು ಮಾಡಿದ್ದು ಅದರಲ್ಲೇ. ಟ್ರಿಮ್ ಇಲ್ಲದೇನೇ ವಿಶ್ವ ಚಾಂಪಿಯನ್ ಆಗಬಹುದು ಅಂದ್ಮೇಲೆ?

ಹಲಸೂರು_ಕೆರೆ
ಪರದೆಯ ಮೇಲೆ ಚಾಂಪಿಯನ್ ಆಗಬಹುದು, ಅದರಲ್ಲಿ ಎರಡು ಮಾತಿಲ್ಲ. ಅದರ ಆಟಗಾರರ ತಂತ್ರ ನೋಡಿ ನಾನೇ ಕಲಿತಿದೀನಿ. ಆದರೆ ಇವರು ಕೇಳಿದ್ದು ಒಬ್ಬರೇ ಓಡಿಸೋ ಡಿಂಗಿ ಬಗ್ಗೆ. ಈ ದೋಣಿಯಲ್ಲಿ ಟ್ರಿಮ್ಮೂ ದಿಕ್ಕೂ ಎರಡು ಕೆಲಸ ಅಲ್ಲ. ಒಂದು ಕೈಯಲ್ಲಿ ಟಿಲ್ಲರ್ (ಚುಕ್ಕಾಣಿ ತಿರುಗಿಸೋ ಕೋಲು), ಇನ್ನೊಂದರಲ್ಲಿ ಶೀಟ್. ರಭಸದ ಗಾಳಿ ಬಂದಾಗ ಬಿಡೋದು, ಮೈ ಹೊರಗೆ ಚಾಚೋದು, ದೋಣಿ ನೆಟ್ಟಗಾಗ್ತಿದ್ದಂತೆ ಎಳೆಯೋದು, ಎಲ್ಲ ಒಟ್ಟಿಗೆ ಆಗಬೇಕು. ಆಟೋದಲ್ಲಿ ಕಲಿತವರು ಟ್ಯಾಕ್ ಆದ ಮೇಲೆ ಏನು ಮಾಡ್ತಾರೆ ನೋಡಿ. ದೋಣಿ ನಿಂತೇಹೋಗಿರುತ್ತೆ, ಆದರೂ ಶೀಟ್ ಪೂರ್ತಿ ಬಿಗಿ, ಮೂತಿ ಪೂರ್ತಿ ಮೇಲೆ. ಘಾಟಿ ತಿರುವಲ್ಲಿ ನಾಲ್ಕನೇ ಗೇರಲ್ಲೇ ಬೈಕ್ ಏರಿಸೋಕೆ ಹೋದ ಹಾಗೆ. ಟ್ಯಾಕ್ ಮುಗಿದ ಮೇಲೆ ಐದು ಡಿಗ್ರಿ ಕೆಳಗೇ ಇಟ್ಟು, ಶೀಟ್ ಒಂದಡಿ ಸಡಿಲ ಬಿಟ್ಟು, ವೇಗ ಬಂದ ಮೇಲೆ ಎರಡನ್ನೂ ಒಟ್ಟಿಗೆ ಮೇಲಕ್ಕೆ ತರಬೇಕು.

ಲೇಲೈನ್_ಪ್ರೇಮಿ
ಸರಿ, ಟ್ಯಾಕ್ ವಿಷಯ ಒಪ್ಪಿದೆ. ಉಳಿದಿದ್ದು ಒಪ್ಪಿಲ್ಲ.

ಆಕ್ಲೆಂಡ್_ಕನ್ನಡಿಗ
ಮಧ್ಯದಲ್ಲಿ ಬಾಯಿ ಹಾಕ್ತೀನಿ, ಕ್ಷಮಿಸಿ. ಆಟಗಾರನ ತೂಕದ ಸೆಟ್ಟಿಂಗ್ ಯಾರೂ ನೋಡ್ತಿಲ್ಲ. ಐಎಲ್‌ಸಿಎ 4, 6, 7 ಮೂರಕ್ಕೂ ಹಲ್ (ದೋಣಿಯ ಒಡಲು) ಒಂದೇ. ಕೆಳಗಿನ ಮಾಸ್ಟ್ ತುಂಡು ಮತ್ತೆ ಹಾಯಿ ಮಾತ್ರ ಬೇರೆ: 4.7, 5.76, 7.06 ಚದರ ಮೀಟರ್. ತೂಕ 60 ಕೆಜಿ ಇಟ್ಟು 7ರ ಹಾಯಿ ಹಾಕಿದ್ರೆ 15 ನಾಟ್‌ನಲ್ಲಿ ದೋಣಿಯನ್ನ ನೆಟ್ಟಗೆ ನಿಲ್ಲಿಸೋದೇ ಕಷ್ಟ. ಸಿಮ್ಯುಲೇಟರ್ ನಿಮ್ಮನ್ನ ನಿಧಾನ ಮಾಡ್ತಿದೆ ಅಂತ ಬೈಯೋ ಮೊದಲು ಅದೊಂದು ನೋಡ್ಕೊಳ್ಳಿ.

ಧಾರವಾಡ_ಪೇಢೆ
ತೂಕ 80 ಐತ್ರಿ. ವ್ಯಾಂಗ್ ಬಿಟ್ಟೆ, 45ಕ್ಕ ಇಳದೆ, ಮ್ಯಾಲ ಹೋಗೂದು ಈಗ ಛಲೋ ಆಗಾಕತ್ತೈತಿ. ಆದ್ರ ಕೆಳಗ ಬರೂವಾಗ ಗಳಿಸಿದ್ದೆಲ್ಲಾ ಹೋಗತೈತಿ. ಗಾಳಿ ಬೆನ್ನಿಗಿದ್ರ ಎಲ್ಲಾರದೂ ಒಂದೇ ಸ್ಪೀಡ್ ಇರಬೇಕಲ್ರಿ? ಹಾಯಿ ಪೂರ್ತಿ ಬಿಟ್ಟು ಕುಂತೀನಿ, ಇನ್ನೇನ್ ಮಾಡಬೇಕು?

ಹಲಸೂರು_ಕೆರೆ
ಸುಮ್ಮನೆ ಕೂತಿದ್ದೇ ಸಮಸ್ಯೆ. 😄

ನೇರ ಕೆಳಗೆ 5 ನಾಟ್‌ನಲ್ಲಿ ಓಡಿದರೆ 10 ನಾಟ್ ಗಾಳಿಯಲ್ಲಿ ಹಾಯಿಗೆ ಸಿಗೋದು ಬರೀ 5. ಅದರಲ್ಲೂ ಹಾಯಿ ಗಾಳಿಗೆ ಅಡ್ಡ ನಿಂತಿರುತ್ತೆ, ಗಾಳಿ ಅದರ ಮೇಲೆ ಹರಿಯಲ್ಲ, ಬಡಿದು ನಿಲ್ಲುತ್ತೆ. ಈ ದೋಣಿಗೆ ಮಾಸ್ಟ್ ಹಿಡಿದು ನಿಲ್ಲಿಸೋ ತಂತಿಗಳಿಲ್ಲ, ಹಾಗಾಗಿ ಬೂಮ್ 90 ಡಿಗ್ರಿಗಿಂತ ಮುಂದಕ್ಕೂ ಹೋಗಬಲ್ಲದು. ಅದನ್ನ ಉಪಯೋಗಿಸಿ. ಗಾಳಿ ಬೂಮ್ ಇರೋ ಬದಿಯಿಂದಲೇ ಸ್ವಲ್ಪ ಬರೋ ಹಾಗೆ ದೋಣಿ ತಿರುಗಿಸಿದರೆ ಗಾಳಿ ಹಾಯಿಯ ಹಿಂದಿನ ಅಂಚಿಂದ ಒಳಗೆ ಬಂದು ಮಾಸ್ಟ್ ಕಡೆ ಹರಿಯುತ್ತೆ. ಇದಕ್ಕೆ ಬೈ ದ ಲೀ ಅಂತಾರೆ. ಅಲ್ಲಿ ಕೆಲಹೊತ್ತು ಇದ್ದು, ಅಲೆ ಸಿಕ್ಕಾಗ ಶೀಟ್ ಎಳೆದು ಮೇಲಕ್ಕೆ ಬಂದು ಆ ಅಲೆ ಹಿಡಿದು, ಮತ್ತೆ ಇಳೀರಿ. ಒಳ್ಳೆ ಐಎಲ್‌ಸಿಎ ನಾವಿಕರು ಕೆಳಗೆ ಬರೋವಾಗ ಹಾವಿನ ದಾರಿಯಲ್ಲೇ ಬರ್ತಾರೆ, ಗೆರೆ ಎಳೆದಂತೆ ಬರೋರು ಯಾರೂ ಇಲ್ಲ.

ಇನ್ನು ಮೂರು ಸಣ್ಣ ವಿಷಯ. ಡ್ಯಾಗರ್‌ಬೋರ್ಡ್ (ದೋಣಿ ಅಡ್ಡ ಜಾರದಂತೆ ನೀರಿಗೆ ಇಳಿಸೋ ಹಲಗೆ) ಮೂರರಲ್ಲಿ ಒಂದು ಭಾಗ ಮೇಲೆ ಎತ್ತಿ. ವ್ಯಾಂಗ್ ಇನ್ನಷ್ಟು ಸಡಿಲ ಮಾಡಿ, ಹಾಯಿಯ ಮೇಲ್ಭಾಗ ಗಾಳಿಯ ರಭಸಕ್ಕೆ ಉಸಿರಾಡಬೇಕು. ದೋಣಿಯನ್ನ ನಿಮ್ಮ ಕಡೆಗೆ, ಅಂದರೆ ಗಾಳಿಯ ಕಡೆಗೆ ಒಂದು ಹತ್ತು ಡಿಗ್ರಿ ವಾಲಿಸಿ. ಬೂಮ್ ಒಂದೇ ಪಕ್ಕಕ್ಕೆ ಚಾಚಿರೋದರಿಂದ ದೋಣಿ ಸದಾ ಇನ್ನೊಂದು ಪಕ್ಕಕ್ಕೆ ತಿರುಗೋಕೆ ನೋಡುತ್ತೆ, ಚುಕ್ಕಾಣಿ ಅದನ್ನ ತಡೀತಾ ನೀರಲ್ಲಿ ಬ್ರೇಕ್ ಹಾಕುತ್ತೆ. ವಾಲಿಸಿದಾಗ ಹಾಯಿಯ ಬಲ ಹಲ್‌ನ ಮೇಲಕ್ಕೇ ಬರುತ್ತೆ, ಚುಕ್ಕಾಣಿ ಹಗುರ. ಪರದೆಯಲ್ಲಿ ಚುಕ್ಕಾಣಿ ಕೋನ ತೋರಿಸೋ ಪಟ್ಟಿ ಇದ್ದರೆ ಅದು ಮಧ್ಯದಲ್ಲೇ ನಿಂತಿರಬೇಕು.

ಪಡುಗಾಳಿ
ಒಂದು ಸೇರಿಸ್ತೇನೆ. ಕೆಳಗೆ ಬರುವಾಗ ಹಿಂದಿನವರು ನಿಮ್ಮ ಗಾಳಿ ಕದೀತಾರೆ. ಹಾಯಿಯ ನೆರಳು ಮಾಸ್ಟ್ ಎತ್ತರದ ಐದಾರು ಪಟ್ಟು ದೂರದವರೆಗೂ ಬೀಳ್ತದೆ. ಮಾಸ್ಟ್ ತುದಿಯ ಬಾಣ ಹಿಂದಿನ ಯಾವ ದೋಣಿಯತ್ತ ತೋರಿಸ್ತದೋ ಅವನೇ ಕಳ್ಳ. ಬದಿಗೆ ಸರೀರಿ.

ಕೊಡಗು_ಮಳೆ
ಅಡ್ಡ ಪ್ರಶ್ನೆ. ಇದೆಲ್ಲ ಆಡಿದವರು ನಿಜವಾದ ದೋಣಿ ಓಡಿಸಬಹುದಾ? ಅಥವಾ ಟೈಂಪಾಸಾ?

ಹಲಸೂರು_ಕೆರೆ
ರೂಲ್ಸ್, ಸ್ಟಾರ್ಟ್, ಗಾಳಿಯ ಲೆಕ್ಕ, ಲೇಲೈನ್ (ಇನ್ನು ಟ್ಯಾಕ್ ಮಾಡದೇ ಮಾರ್ಕ್ ಮುಟ್ಟಬಹುದಾದ ಗೆರೆ) ಇವೆಲ್ಲ ಹಾಗೇ ಉಪಯೋಗಕ್ಕೆ ಬರುತ್ತೆ. ತೊಡೆ ನಡುಗೋದು, ಶೀಟ್ ಎಳೆದೂ ಎಳೆದೂ ಅಂಗೈ ಉರಿಯೋದು, ನೀರು ಮುಖಕ್ಕೆ ಹೊಡೆದಾಗ ಟೆಲ್‌ಟೇಲ್ ಕಾಣದೇ ಇರೋದು, ಇವು ಬರಲ್ಲ. ಗಾಳಿ ಬರೋ ಮುಂಚೆ ನೀರಿನ ಮೇಲೆ ಕಪ್ಪು ಕಲೆ ಓಡಿ ಬರುತ್ತೆ, ಅದನ್ನ ಕೆಲವು ಸಿಮ್ಯುಲೇಟರ್ ಚೆನ್ನಾಗೇ ತೋರಿಸ್ತವೆ. ಆದರೆ ಕುತ್ತಿಗೆಗೆ ತಾಗೋ ಗಾಳಿಯಿಂದ ದಿಕ್ಕು ತಿಳಿಯೋದು ಕೋಣೆಯಲ್ಲಿ ಕೂತು ಬರೋ ವಿದ್ಯೆ ಅಲ್ಲ.

ಬೆಂಗಳೂರಲ್ಲೇ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಸುತ್ತಲೂ ಕಟ್ಟಡ, ಮರ, ಗಾಳಿ ಗಳಿಗೆಗೊಂದು ದಿಕ್ಕು. ಅಲ್ಲಿ ಗಾಳಿ ಓದೋಕೆ ಕಲಿತವರಿಗೆ ಸಮುದ್ರ ಸುಲಭ ಅನ್ನಿಸಿದರೂ ಆಶ್ಚರ್ಯ ಇಲ್ಲ. ಪರದೆ ಮೇಲೆ ಆಡ್ತಿರೋ ಇದೇ ದೋಣಿ 1996ರಿಂದ ಒಲಿಂಪಿಕ್ಸ್‌ನಲ್ಲಿದೆ, ಆಗ ಹೆಸರು ಲೇಸರ್. ಪ್ಯಾರಿಸ್ 2024ರಲ್ಲಿ ಮಾರ್ಸೇಯ ಸಮುದ್ರದಲ್ಲಿ ವಿಷ್ಣು ಸರವಣನ್ ಐಎಲ್‌ಸಿಎ 7ರಲ್ಲಿ 18ನೇಯವರು, ನೇತ್ರಾ ಕುಮನನ್ ಐಎಲ್‌ಸಿಎ 6ರಲ್ಲಿ 21ನೇಯವರು. ಅವರ ರೇಸ್‌ಗಳ ಡ್ರೋನ್ ದೃಶ್ಯ ಸಿಕ್ಕಿದರೆ ಸ್ಟಾರ್ಟ್ ಮಾತ್ರ ನೋಡಿ, ಉಳಿದದ್ದು ಆಮೇಲೆ.

ಧಾರವಾಡ_ಪೇಢೆ
ಸ್ಟಾರ್ಟ್ ಅಂದ್ರಿ, ಅದನ್ನೂ ಹೇಳಿಬಿಡ್ರಿ. ನಾ ಗನ್ ಆಗೂದಕ್ಕ ಮೊದಲs ಲೈನ್ ದಾಟಿ ವಾಪಸ್ ಬರ್ತೀನಿ, ಇಲ್ಲಾಂದ್ರ ಗನ್ ಆದಾಗ ಎಲ್ಲೋ ಹಿಂದ ಇರ್ತೀನಿ. ನಡುವಿಂದು ಒಂದೂ ಇಲ್ಲ.

ಲೇಲೈನ್_ಪ್ರೇಮಿ
ಇದು ನನ್ನ ಏರಿಯಾ.

ಸಿಗ್ನಲ್ ಕ್ರಮ 5-4-1-0. ಐದು ನಿಮಿಷಕ್ಕೆ ಕ್ಲಾಸ್ ಬಾವುಟ, ನಾಲ್ಕಕ್ಕೆ ಪ್ರಿಪರೇಟರಿ, ಅಂದ್ರೆ ಸಿದ್ಧರಾಗಿ ಅನ್ನೋ ಬಾವುಟ, ಒಂದಕ್ಕೆ ಅದು ಇಳಿಯುತ್ತೆ, ಸೊನ್ನೆಗೆ ಹೊರಡೋದು. ಆನ್‌ಲೈನ್ ರೂಮ್‌ಗಳಲ್ಲಿ ಇದನ್ನ ಕತ್ತರಿಸಿ ಒಂದೆರಡು ನಿಮಿಷಕ್ಕೆ ಇಳಿಸಿರ್ತಾರೆ. ಆ ಸಮಯದಲ್ಲಿ ಮೊದಲ ಕೆಲಸ, ಲೈನ್ ಮಧ್ಯೆ ಹೋಗಿ ಶೀಟ್ ಬಿಟ್ಟು ಮೂತಿ ನೇರ ಗಾಳಿಗೆ ಇಡಿ. ಮೂತಿ ಯಾವ ತುದಿ ಕಡೆ ವಾಲಿದೆಯೋ ಆ ತುದಿ ಗಾಳಿಗೆ ಹತ್ತಿರ. 100 ಮೀಟರ್ ಲೈನು, 10 ಡಿಗ್ರಿ ಓರೆ ಅಂದ್ರೆ ಒಂದು ತುದಿಯವನು ಇನ್ನೊಂದು ತುದಿಯವನಿಗಿಂತ 17 ಮೀಟರ್ ಮುಂದೆ ಇದ್ದೇ ಹೊರಡ್ತಾನೆ. ನಾಲ್ಕು ದೋಣಿ ಉದ್ದ, ಏನೂ ಮಾಡದೆ!

ಎರಡನೇದು ಜಾಗ. ಕೊನೇ ನಿಮಿಷದಲ್ಲಿ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿ (ಗಾಳಿ ಬಲಗಡೆಯಿಂದ) ಲೈನ್‌ಗಿಂತ ಒಂದೂವರೆ ದೋಣಿ ಕೆಳಗೆ ಹಾಯಿ ಸಡಿಲ ಬಿಟ್ಟು ನಿಲ್ಲಿ. ಗಾಳಿ ಹೋಗೋ ಬದಿಯಲ್ಲಿ, ಅಂದ್ರೆ ನಿಮ್ಮ ಬೂಮ್ ಇರೋ ಕಡೆ, ಖಾಲಿ ಜಾಗ ಕಾಪಾಡ್ಕೊಳ್ಳಿ. ಆ ಜಾಗಕ್ಕೆ ಇಳಿದೇ ವೇಗ ಪಡೀಬೇಕಾಗಿರೋದು. ಪಕ್ಕದವನು ಅಲ್ಲಿ ಬಂದು ತೂರಿಕೊಂಡ್ರೆ ಗನ್ ಆದಾಗ ನೀವು ನಿಂತಲ್ಲೇ. ಕೊನೇ ಹತ್ತು ಸೆಕೆಂಡಲ್ಲಿ ಕೆಳಗೆ ಇಳಿದು ಶೀಟ್ ಎಳೆದು ಓಡಿಸಿ.

ಮೊದಲೇ ದಾಟಿದ್ರೆ ಎಕ್ಸ್ ಬಾವುಟ ಏರುತ್ತೆ, ವಾಪಸ್ ಬಂದು ಲೈನ್ ಹಿಂದೆ ಹೋಗಿ ಮತ್ತೆ ಹೊರಡಬೇಕು, ಬರೋವಾಗ ಯಾರಿಗೂ ಅಡ್ಡ ಬರೋ ಹಾಗಿಲ್ಲ. ಕರಿ ಬಾವುಟ ಇದ್ದಾಗ ಕೊನೇ ನಿಮಿಷದಲ್ಲಿ ಲೈನ್‌ನ ಎರಡು ತುದಿ, ಮೊದಲ ಮಾರ್ಕ್ ಸೇರಿಸಿದ ತ್ರಿಕೋನದೊಳಗೆ ಸಿಕ್ಕಿಬಿದ್ರೆ ನೇರ ಮನೆಗೆ.

ಆಕ್ಲೆಂಡ್_ಕನ್ನಡಿಗ
ಸ್ಟಾರ್ಟ್ ಆದ ಮೇಲೆ ಗಾಳಿ ತಿರುಗೋದನ್ನ ಗಮನಿಸಿ ಅಂತ ಯಾರೂ ಹೇಳ್ಲಿಲ್ಲ. ಕಂಪಾಸ್ ಅಂಕಿ ನೆನಪಿಟ್ಕೊಳ್ಳಿ. ಅದೇ ಟ್ರಿಮ್‌ನಲ್ಲಿ ಮೂತಿ ಮಾರ್ಕಿಂದ ದೂರ ತಿರುಗ್ತಾ ಹೋದ್ರೆ ಹೆಡರ್, ಟ್ಯಾಕ್ ಮಾಡಿ. ಹತ್ತಿರ ತಿರುಗಿದ್ರೆ ಲಿಫ್ಟ್, ಹಾಗೇ ಹೋಗ್ತಾ ಇರಿ. ನಿಮಗೂ ಎದುರಾಳಿಗೂ ಅಡ್ಡಕ್ಕೆ 100 ಮೀಟರ್ ಅಂತರ ಇದ್ದು ಗಾಳಿ 10 ಡಿಗ್ರಿ ತಿರುಗಿದ್ರೆ ಓಡಬೇಕಾದ ದೂರದಲ್ಲಿ ಸುಮಾರು 25 ಮೀಟರ್ ಲಾಭ ಅಥವಾ ನಷ್ಟ. ಟೆಲ್‌ಟೇಲ್ ನೋಡಿ ನೋಡಿ ಗಳಿಸಿದ್ದೆಲ್ಲ ಒಂದೇ ಶಿಫ್ಟ್‌ನಲ್ಲಿ ಹೋಗುತ್ತೆ. ಅದಕ್ಕೇ ಲೇಲೈನ್_ಪ್ರೇಮಿ ಹೇಳೋದ್ರಲ್ಲಿ ಅರ್ಥ ಇದೆ ಅಂತ ನನಗನ್ನಿಸೋದು.

ಲೇಲೈನ್_ಪ್ರೇಮಿ
ಅಂತೂ ಒಬ್ಬರು ಸಿಕ್ಕಿದ್ರು.

ಧಾರವಾಡ_ಪೇಢೆ
ಇವತ್ತಿನ ರೇಸ್‌ನ್ಯಾಗ ಒಂದು ಪಂಚಾಯ್ತಿ ಆತು. ಮ್ಯಾಲಿನ ಮಾರ್ಕ್ ಎಡಕ್ಕ ಬಿಟ್ಟು ಸುತ್ತಬೇಕು. ನಾ ಪೋರ್ಟ್ ಟ್ಯಾಕ್ (ಗಾಳಿ ಎಡಗಡೆಯಿಂದ) ಮ್ಯಾಲ ಬಂದೆ. ಪಡುಗಾಳಿ ಅವ್ರು ಸ್ಟಾರ್‌ಬೋರ್ಡ್ ಲೇಲೈನ್ ಮ್ಯಾಲ ಬರಾಕತ್ತಿದ್ರು. ಮಾರ್ಕ್ ಹತ್ರ ಅವ್ರ ಮುಂದ ಟ್ಯಾಕ್ ಹೊಡದೆ. ಮಾರ್ಕ್‌ಗೆ ಒಳಗಿನ ಬದಿ ನಾನಾ ಇದ್ದೆ. ಒಳಗಿದ್ದವಗ ಜಾಗ ಕೊಡಬೇಕಲ್ರಿ? ಸಿಮ್ಯುಲೇಟರ್ ನನಗs ಪೆನಾಲ್ಟಿ ಹಾಕ್ತು.

ಪಡುಗಾಳಿ
ನಾನು ಮೇಲಕ್ಕೆ ತಿರುಗಿಸದೇ ಇದ್ದರೆ ನಿಮ್ಮ ದೋಣಿಯ ಹಿಂಬದಿಗೆ ಗುದ್ದುತ್ತಿತ್ತು ಮಾರಾಯ್ರೆ. ನನ್ನ ವೇಗ ಎಲ್ಲ ಹೋಯಿತು.

ಲೇಲೈನ್_ಪ್ರೇಮಿ
ರೀಪ್ಲೇ ನೋಡಿದೆ. ಪೇಢೆಯವರು ಟ್ಯಾಕ್ ಮುಗಿಸಿದ ಮೇಲೇ ಪಡುಗಾಳಿ ತಿರುಗಿಸಿದ್ದು. ಟ್ಯಾಕ್ ಮಾಡ್ತಿರೋವಾಗ ಅಲ್ಲ. ಹಾಗಾದ್ರೆ 13ನೇ ರೂಲ್ (ಟ್ಯಾಕ್ ಮಾಡ್ತಿರೋನು ದೂರ ಇರಬೇಕು) ಮುರಿದಿಲ್ಲ. ಹಿಂದಿರೋನು ಮುಂದಿರೋನಿಂದ ದೂರ ಇರಬೇಕು. ಪೆನಾಲ್ಟಿ ತಪ್ಪು ಅನ್ಸುತ್ತೆ.

ಹಲಸೂರು_ಕೆರೆ
ಮಧ್ಯೆ ನೀರಲ್ಲಿ ಆಗಿದ್ದರೆ ನೀವು ಹೇಳಿದ್ದು ಸರಿ. ಇದು ಮಾರ್ಕ್‌ನ ಝೋನ್ ಒಳಗೆ ಆಗಿರೋದು. ಝೋನ್ ಅಂದರೆ ದೋಣಿ ಉದ್ದದ ಮೂರರಷ್ಟು, ಈ ದೋಣಿಗೆ ಹೆಚ್ಚುಕಡಿಮೆ 12.7 ಮೀಟರ್.

ಎರಡು ಭಾಗ ಇದೆ. ಪೇಢೆಯವರು ಪೋರ್ಟ್‌ನಲ್ಲಿ, ಪಡುಗಾಳಿ ಸ್ಟಾರ್‌ಬೋರ್ಡ್‌ನಲ್ಲಿ ಇದ್ದಷ್ಟು ಹೊತ್ತು ಇಬ್ಬರೂ ಗಾಳಿಗೆ ಎದುರಾಗಿ ಏರ್ತಾ ಬೇರೆ ಬೇರೆ ಟ್ಯಾಕ್‌ನಲ್ಲಿದ್ದರು. ಆಗ ಮಾರ್ಕ್ ಜಾಗದ 18ನೇ ರೂಲ್ ಲಾಗೂ ಆಗೋದೇ ಇಲ್ಲ, 10ನೇ ರೂಲ್ ಪ್ರಕಾರ ಪೋರ್ಟ್‌ನವರು ದೂರ ಇರಬೇಕು. ಒಳಗಿದ್ದೆ ಅನ್ನೋ ವಾದ ಅಲ್ಲಿ ನಿಲ್ಲಲ್ಲ. ಟ್ಯಾಕ್ ಆದ ಮೇಲೆ 18.3 ಬರುತ್ತೆ. ಎಡಕ್ಕೆ ಬಿಡಬೇಕಾದ ಮಾರ್ಕ್‌ನ ಝೋನ್ ಒಳಗೆ ಪೋರ್ಟ್‌ನಿಂದ ಸ್ಟಾರ್‌ಬೋರ್ಡ್‌ಗೆ ಟ್ಯಾಕ್ ಮಾಡಿ, ಮಾರ್ಕ್ ಮುಟ್ಟೋ ಹಾದಿಯಲ್ಲಿ ನಿಂತವರು, ಝೋನ್ ಹೊಕ್ಕಾಗಿನಿಂದ ಸ್ಟಾರ್‌ಬೋರ್ಡ್‌ನಲ್ಲೇ ಇರೋ ದೋಣಿಯನ್ನ ಡಿಕ್ಕಿ ತಪ್ಪಿಸಲು ಕ್ಲೋಸ್ ಹಾಲ್ಡ್‌ಗಿಂತ (ಹಾಯಿ ತುಂಬಿಕೊಂಡೇ ಗಾಳಿಗೆ ಅತಿ ಹತ್ತಿರ ಹೋಗಬಹುದಾದ ದಿಕ್ಕು) ಮೇಲಕ್ಕೆ ತಿರುಗೋ ಹಾಗೆ ಮಾಡಬಾರದು. ಪಡುಗಾಳಿ ಮೇಲಕ್ಕೆ ತಿರುಗಿಸಲೇಬೇಕಾಯ್ತು. ಪೆನಾಲ್ಟಿ ಸರಿಯಾಗೇ ಇದೆ.

ಲೇಲೈನ್_ಪ್ರೇಮಿ
ಕ್ಲೋಸ್ ಹಾಲ್ಡ್‌ಗಿಂತ ಮೇಲೆ ಹೋದ್ರಾ ಅನ್ನೋದು ರೀಪ್ಲೇಯಲ್ಲಿ ಸ್ಪಷ್ಟ ಇಲ್ಲ. ಆತ ಲೇಲೈನ್‌ಗಿಂತ ಮೇಲೇ ಇದ್ರು, ಅಂದ್ರೆ ಅಷ್ಟರವರೆಗೆ ಕೆಳಗೆ ಓಡಿಸ್ತಿದ್ರು.

ಪಡುಗಾಳಿ
ಹಾಯಿ ಪಟಪಟ ಹೊಡೆದದ್ದು ಕೇಳ್ಲಿಲ್ಲವಾ? ಸೌಂಡ್ ಆನ್ ಮಾಡಿ ನೋಡಿ.

ಲೇಲೈನ್_ಪ್ರೇಮಿ
ಆನ್ ಮಾಡಿದೆ. ಸರಿ, ಮೇಲೆ ಹೋಗಿದ್ರು.

ಧಾರವಾಡ_ಪೇಢೆ
ಹಂಗಾದ್ರ ಪೆನಾಲ್ಟಿ ಹೆಂಗ ತೀರಿಸೂದು? ಸಿಮ್ಯುಲೇಟರ್ ಸುಮ್ನ ಸ್ಪೀಡ್ ಕಡಿಮಿ ಮಾಡಿ ಬಿಡ್ತು.

ಹಲಸೂರು_ಕೆರೆ
ನಿಜವಾದ ರೇಸಲ್ಲಾದರೆ ಆದಷ್ಟು ಬೇಗ ಬೇರೆಯವರಿಂದ ದೂರ ಹೋಗಿ ಒಂದೇ ದಿಕ್ಕಲ್ಲಿ ಎರಡು ಸುತ್ತು ಹಾಕಬೇಕು, ಪ್ರತಿ ಸುತ್ತಲ್ಲೂ ಒಂದು ಟ್ಯಾಕ್, ಒಂದು ಜೈಬ್ (ಗಾಳಿ ಬೆನ್ನಿಗಿದ್ದಾಗ ಹಾಯಿಯ ಬದಿ ಬದಲಿಸೋದು). ಮಾರ್ಕ್‌ಗೆ ಬರೀ ತಾಗಿದ್ದಕ್ಕಾದರೆ ಒಂದು ಸುತ್ತು. ಎರಡು ಸುತ್ತು ಹಾಕೋದನ್ನ ಸಿಮ್ಯುಲೇಟರಲ್ಲೂ ಅಭ್ಯಾಸ ಮಾಡಿ, ಶೀಟ್ ಮತ್ತೆ ಟಿಲ್ಲರ್ ಒಟ್ಟಿಗೆ ಆಡಿಸೋದಕ್ಕೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಮುಂದಿನ ಸಲ ಮೇಲಿನ ಮಾರ್ಕ್‌ಗೆ ಪೋರ್ಟ್‌ನಲ್ಲಿ ಕೊನೇ ಗಳಿಗೆಗೆ ಬರಬೇಡಿ. ಝೋನ್‌ಗೆ ಸಾಕಷ್ಟು ಮುಂಚೆಯೇ ಸ್ಟಾರ್‌ಬೋರ್ಡ್ ಲೇಲೈನ್ ದಾಟಿ, ಒಂದು ದೋಣಿಯಷ್ಟು ಮೇಲೆ ಹೋಗಿ ಟ್ಯಾಕ್ ಮಾಡಿ. ಸಾಲು ತುಂಬ ಉದ್ದ ಇದ್ದರೆ ಯಾರಾದರೂ ಇಬ್ಬರ ನಡುವೆ ಸಂದಿ ಹುಡುಕಿ, ಒಬ್ಬರ ಹಿಂದೆ ಹೋಗಿ ಟ್ಯಾಕ್ ಮಾಡಿ.

ಪಡುಗಾಳಿ
ಒಂದು ದೋಣಿ ಸಾಲದು, ಎರಡು ಇಡಿ. ಸಾಲಿನಲ್ಲಿ ಮುಂದಿನವರ ಕೆಟ್ಟ ಗಾಳಿ ಸಿಕ್ಕಿ ಕೆಳಗೆ ಜಾರ್ತೀರಿ, ಮಾರ್ಕ್ ಹತ್ತಿರ ಪಿಂಚ್ ಮಾಡ್ತೀರಿ, ಮತ್ತೆ 3.5 ನಾಟ್.

ಧಾರವಾಡ_ಪೇಢೆ
ಎರಡು ಇಡ್ತೀನ್ರಿ. ಮತ್ತ ನಿಮಗ ಮ್ಯಾಲಕ್ಕ ತಿರಗಸೂ ಹಂಗ ಮಾಡಿದ್ದಕ್ಕ ಸಾರಿ ಪಡುಗಾಳಿ ಸರ್. ರಾತ್ರಿ ಒಂಬತ್ತಕ್ಕ ರೂಮ್ ತೆಗೀತೀನಿ, ಗಾಳಿ 14 ನಾಟ್, ಆಟೋ ಟ್ರಿಮ್ ಆಫ್.

ಲೇಲೈನ್_ಪ್ರೇಮಿ
ಆಫ್ ಆದ್ರೆ ನಾನು ಬರಲ್ಲ.

ಲೇಲೈನ್_ಪ್ರೇಮಿ
ಪಾಸ್‌ವರ್ಡ್ ಹಾಕಿ.